ಅವರದ್ದು ಇನ್ನೂರು ವರ್ಷದ ಲೆಕ್ಕ, ನಮ್ಮದು?

ಸ್ಕಾಟ್‌ಲ್ಯಾಂಡಿಗೆ ಬಂದ ಹೊಸತರಲ್ಲಿ ಇಲ್ಲಿನ ಬೋಳು ಗುಡ್ಡಗಳು ಬಹಳ ಚೆಂದ ಕಂಡಿದ್ದವು. ಉತ್ತರ ಕನ್ನಡದ ಸಿದ್ದಾಪುರದ ಕಡೆಯವನು ನಾನು, ಗುಡ್ಡ ಯಾಕೆ ಬೋಳಾಯಿತು ಅಂತ ಅವತ್ತೇ ಕೇಳಬೇಕಿತ್ತು. ಇಲ್ಲಿ ಹಿಂದೆ ಕ್ಯಾಲೆಡೋನಿಯನ್ ಪೈನ್ ಕಾಡು ಹಬ್ಬಿತ್ತು. ಈಗ ಅದರಲ್ಲಿ ಉಳಿದದ್ದು ಅಂತ ಅಧಿಕೃತ ಪಟ್ಟಿಯಲ್ಲಿರುವುದು 84 ತುಣುಕು.

ಕೇರ್ನ್‌ಗಾರ್ಮ್ಸ್ ಬೆಟ್ಟದಲ್ಲಿ ಗೆಳೆಯರೊಬ್ಬರು ಮೊಣಕಾಲೆತ್ತರದ ಪೈನ್ ಗಿಡ ತೋರಿಸಿ ಎಷ್ಟು ವರ್ಷದ್ದಿರಬಹುದು ಅಂದರು. ಮೂರೋ ನಾಲ್ಕೋ ಅಂದೆ. ಇಪ್ಪತ್ತು ದಾಟಿದೆಯಂತೆ! ಬಗ್ಗಿ ನೋಡಿದರೆ ಬುಡ ಹೆಬ್ಬೆರಳಿಗಿಂತ ದಪ್ಪ, ಬರೀ ಗಂಟು. ಚಿಗುರಿದಾಗಲೆಲ್ಲ ಜಿಂಕೆ ತುದಿ ಮೇಯ್ದು ಮೇಯ್ದು ಅದು ಮೇಲೇಳಲೇ ಇಲ್ಲ.

ಅಲ್ಲಿ ಈಗ ಕೇರ್ನ್‌ಗಾರ್ಮ್ಸ್ ಕನೆಕ್ಟ್ ಅಂತ ಒಂದು ಕೂಟ ಇದೆ. ಎರಡು ಸರ್ಕಾರಿ ಸಂಸ್ಥೆ, ಹಕ್ಕಿಗಳ ಸಂಘ ಆರ್‌ಎಸ್‌ಪಿಬಿ, ಜೊತೆಗೆ ಡೆನ್ಮಾರ್ಕಿನ ಸಿರಿವಂತ ಆಂಡರ್ಸ್ ಪೋವ್ಲ್ಸನ್ ಅವರ ಕಂಪನಿ. ಜಮೀನು ಬೇರೆ ಬೇರೆ, ನಕಾಶೆ ಒಂದೇ: ಸುಮಾರು 600 ಚದರ ಕಿಲೋಮೀಟರ್, ಕಾಡನ್ನು ಮತ್ತೆ ಹಬ್ಬಿಸುವ 200 ವರ್ಷದ ಗುರಿ. ಇದರಲ್ಲೇ ಬರುವ ಗ್ಲೆನ್‌ಫೆಶಿ ಕಣಿವೆಯಲ್ಲಿ ಜಿಂಕೆ ಹೊಡೆದು ಸಂಖ್ಯೆ ಇಳಿಸಿದರು, ಬೇಲಿಯಿಲ್ಲದೆ ಪೈನ್ ಸಸಿಗಳು ತಾವಾಗಿಯೇ ಎದ್ದವು. ಜಿಂಕೆ ಜಮೀನಿನ ಗಡಿ ನೋಡಿ ನಿಲ್ಲುವುದಿಲ್ಲ, ಹಾಗಾಗಿ ಪಕ್ಕದ ಜಮೀನಿನವರೂ ಕೈಜೋಡಿಸದೆ ಇದು ಆಗುವ ಕೆಲಸವೇ ಅಲ್ಲ.

ಇಲ್ಲಿನದ್ದೆಲ್ಲ ಸರಿ ಅಂತಲ್ಲ. ಇಡೀ ಕಣಿವೆ ಒಬ್ಬರ ಹೆಸರಲ್ಲಿರುವುದು ನನಗೆ ಇವತ್ತಿಗೂ ಒಗ್ಗಿಲ್ಲ.

ನಮ್ಮಲ್ಲಿ ಕಾಡು ಕಾಯ್ದದ್ದು ಊರೇ ಅಲ್ವಾ? ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ನಮ್ಮ ಕಡೆ ಕಾನು, ಊರೇ ಕಾಯ್ದುಕೊಂಡ ದಟ್ಟ ಕಾಡು. ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ರಾಮಪತ್ರೆ ಮರಗಳ ಜೌಗಿನಲ್ಲಿ, ಮಂಡಿ ಮಡಚಿದ ಹಾಗೆ ಬೇರುಗಳು ಕೆಸರಿನಿಂದ ಮೇಲೆದ್ದಿರುತ್ತವೆ, ಬೇಸಿಗೆಯಲ್ಲೂ ಕಾಲಿಗೆ ನೀರು ತಣ್ಣಗೆ ತಾಗುತ್ತದೆ. ಅಂಥ ಜಾಗ ಒಮ್ಮೆ ಹೋದರೆ ಯಾವ ದುಡ್ಡಿಗೂ ವಾಪಸ್ ಬರುವುದಿಲ್ಲ.

1993ರಲ್ಲಿ ರಾಜ್ಯದಲ್ಲಿ ಇಲಾಖೆ ಮತ್ತು ಊರು ಸೇರಿ ಕಾಡು ನೋಡಿಕೊಳ್ಳುವ ಜಂಟಿ ಅರಣ್ಯ ಯೋಜನೆ ಬಂತು. ನಮ್ಮೂರಲ್ಲೂ ಗ್ರಾಮ ಅರಣ್ಯ ಸಮಿತಿ ಆಯಿತು. ದುಡ್ಡು ಬರುವ ತನಕ ಸಭೆ, ಚಹಾ, ಸಹಿ. ನೆಟ್ಟಿದ್ದು ಜಾಸ್ತಿ ಅಕೇಶಿಯಾ. ದುಡ್ಡು ನಿಂತಿತು, ಸಭೆಯೂ ನಿಂತಿತು. ಊರಿನವರಿಗೆ ಆಸಕ್ತಿ ಇಲ್ಲ ಅಂತ ಸುಮ್ನೆ ದೂರುವುದನ್ನು ನಾನು ಒಪ್ಪುವುದಿಲ್ಲ. ಗುಂಡಿ ತೋಡಲು ಕರೆದರೇ ಹೊರತು ಯಾವ ಗಿಡ ಬೇಕು ಅಂತ ಯಾರೂ ಕೇಳಲಿಲ್ಲ.

ನನಗೆ ಬೇಕಾದ್ದು ಇಷ್ಟೇ. ಒಂದು ಜಡ್ಡಿ, ಅದಕ್ಕೆ ನೀರು ಕೊಡುವ ಸುತ್ತಲಿನ ಗುಡ್ಡ, ಇಲಾಖೆ ಮತ್ತು ಊರು ಇಬ್ಬರೂ ಸಹಿ ಹಾಕಿದ ಒಂದೇ ನಕಾಶೆ. ಯೋಜನೆ ಮುಗಿದರೂ ಮುಗಿಯದ ಒಪ್ಪಂದ.

ಮಳೆಗಾಲಕ್ಕೆ ಊರಿಗೆ ಬರುತ್ತಿದ್ದೇನೆ. ಸಮಿತಿಯ ಹಳೇ ನಡಾವಳಿ ಪುಸ್ತಕ ಯಾರ ಮನೆಯಲ್ಲಿದೆ ಅಂತ ಅಪ್ಪಯ್ಯನನ್ನು ಕೇಳಿದೆ. ಹುಡುಕಿ ಇಡುತ್ತೇನೆ ಅಂದಿದ್ದಾರೆ.