ಆ ಸೊಬಗಿನ ಸಾಲ ಹೊತ್ತವಳು ಓಯಿರಾನ್

ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳಲ್ಲಿ ಓಯಿರಾನ್, ಅಂದರೆ ಮೇಲಿನ ದರ್ಜೆಯ ವೇಶ್ಯೆ, ಕಂಡರೆ ಕಣ್ಣು ಮೊದಲು ಅವಳ ಮುಡಿಗೆ ಹೋಗುತ್ತದೆ. ಆಮೇಲೆ ಪದರ ಪದರ ಕಿಮೋನೊ, ಮುಂದಕ್ಕೆ ಕಟ್ಟಿದ ದೊಡ್ಡ ನಡುಪಟ್ಟಿ, ಎತ್ತರದ ಕಪ್ಪು ಮರದ ಪಾದುಕೆ. ಇನ್ನೊಮ್ಮೆ ನೋಡಿ. ಎಷ್ಟೋ ಚಿತ್ರಗಳಲ್ಲಿ ಅವಳ ಮೊಣಕೈ ಹತ್ತಿರ ಒಂದೇ ಥರದ ಉಡುಪಿನ ಇಬ್ಬರು ಪುಟ್ಟ ಹುಡುಗಿಯರು ಇರುತ್ತಾರೆ. ಅವರು ಕಮುರೋಗಳು, ಅವಳ ಸೇವೆ ಮಾಡುತ್ತ ಕಲಿಯುವ ಹುಡುಗಿಯರು. ಹೆಚ್ಚಿನವರು ಬಡವರ ಮನೆಯ ಮಕ್ಕಳು. ಹೆತ್ತವರು ಮುಂಗಡ ಹಣ ತಗೊಂಡು ಏಳೆಂಟು ವರ್ಷಕ್ಕೇ ವೇಶ್ಯಾಮನೆಗೆ ಕಳಿಸಿದವರು. ಓಯಿರಾನ್ ಕೂಡ ಹೀಗೇ ಬಂದವಳು.

ಓಯಿರಾನ್ ಅಂದರೆ ಗೇಶಾ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಇಬ್ಬರೂ ಬೇರೆ. ಗೇಶಾ ಹಾಡು, ಕುಣಿತ, ಮಾತಿನಿಂದ ರಂಜಿಸುವವಳು. ಅವಳ ನಡುಪಟ್ಟಿಯ ಗಂಟು ಬೆನ್ನಿಗಿರುತ್ತದೆ. ಓಯಿರಾನ್ ಪರವಾನಗಿ ಪಡೆದ ವೇಶ್ಯಾಕೇರಿಯ ಮೇಲಿನ ದರ್ಜೆಯವಳು.

ಎಡೋದಲ್ಲಿ, ಅಂದರೆ ಇವತ್ತಿನ ಟೋಕಿಯೋದಲ್ಲಿ, ಆ ಕೇರಿಯ ಹೆಸರು ಯೋಶಿವಾರಾ. ಶೋಗುನ್ ಎಂಬ ಸೇನಾಧಿಪತಿಯ ಸರ್ಕಾರ 1617ರಲ್ಲಿ ಅನುಮತಿ ಕೊಟ್ಟಿತು. 1657ರ ದೊಡ್ಡ ಬೆಂಕಿಯ ನಂತರ ಅದು ಅಸಾಕುಸಾದ ಆಚೆ, ಗದ್ದೆಗಳ ನಡುವೆ ಹೋಯಿತು. ಸುತ್ತ ಕಂದಕ, ಒಳಗೆ ಬರಲು ಒಂದೇ ಹೆಬ್ಬಾಗಿಲು. ಗಂಡಸರು ಬಂದು ಹೋಗಬಹುದಿತ್ತು, ಹೆಂಗಸರು ಹೊರಗೆ ಕಾಲಿಡುವಂತಿರಲಿಲ್ಲ. ಒಳಗಿದ್ದ ಸಾವಿರಾರು ಹೆಂಗಸರಲ್ಲಿ ಮೇಲಿನ ದರ್ಜೆ ಮುಟ್ಟಿದವರು ಬೆರಳೆಣಿಕೆ ಮಂದಿ. ಮೊದಲು ಅವರಿಗೆ ತಾಯೂ ಎನ್ನುತ್ತಿದ್ದರು. 18ನೇ ಶತಮಾನದ ನಡುವೆ ಎಡೋದಲ್ಲಿ ಆ ದರ್ಜೆ ಮರೆಯಾಗಿ ಓಯಿರಾನ್ ಎಂಬ ಹೆಸರು ಬಂತು. ಕ್ಯೋಟೋದ ಶಿಮಾಬಾರಾ ಕೇರಿಯಲ್ಲಿ ತಾಯೂ ಎಂದೇ ಉಳಿಯಿತು.

ಇವರ ಕಲೆಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಕೈಬರಹ, ಕವಿತೆ, ಚಹಾ ವಿಧಿ, ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯ, ಎಲ್ಲವನ್ನೂ ಕಲಿತವರು. ಯೋಶಿವಾರಾದಲ್ಲೇ ಹುಟ್ಟಿದ ತ್ಸುತಾಯಾ ಜೂಜಾಬುರೋ ಹೆಬ್ಬಾಗಿಲ ಬಳಿ ಪುಸ್ತಕದಂಗಡಿ ಇಟ್ಟು, ಆ ಕೇರಿಯ ಕೈಪಿಡಿ ಮಾರಿ ಮೇಲೆ ಬಂದ. 1784ರಲ್ಲಿ ಅವನು ಹೊರತಂದ ಚಿತ್ರಸಂಪುಟದಲ್ಲಿ ಓಯಿರಾನ್‌ಗಳ ಕೈಬರಹದ ಕವಿತೆಗಳಿವೆ. ಮರದಚ್ಚಿನ ಚಿತ್ರಗಾರ ಉತಮಾರೋನನ್ನು ಬೆಳೆಸಿದವನೂ ಇವನೇ. ಓಯಿರಾನ್ ಮುಡಿ ಕಟ್ಟಿದ ಹಾಗೆ ಊರಿನ ಹೆಂಗಸರು ಮುಡಿ ಕಟ್ಟಿದರು. 1887ರಲ್ಲಿ ಪ್ಯಾರಿಸಿನಲ್ಲಿ ವ್ಯಾನ್ ಗೋ ಕೂಡ ಜಪಾನಿನ ಚಿತ್ರಗಾರ ಐಸೆನ್‌ನ ಓಯಿರಾನ್ ಚಿತ್ರ ನೋಡಿ ತನ್ನದೊಂದು ಬಿಡಿಸಿದ.

ಆದರೆ ಈ ಸೊಬಗಿಗೆಲ್ಲ ದುಡ್ಡು ಕೊಟ್ಟವರು ಯಾರು? ಅವಳೇ. ಬಟ್ಟೆ, ಹಾಸಿಗೆ, ಕೂದಲ ಆಭರಣ, ಜೊತೆಗಿದ್ದ ಕಮುರೋಗಳ ಖರ್ಚು, ಎಲ್ಲ ಅವಳ ಲೆಕ್ಕಕ್ಕೇ ಬೀಳುತ್ತಿತ್ತು. ಕರಾರು ಸಾಮಾನ್ಯವಾಗಿ ಹತ್ತು ವರ್ಷ. ದರ್ಜೆ ಏರಿದಷ್ಟೂ ಖರ್ಚು ಏರಿತು, ಸಾಲವೂ ಏರಿತು. "ಓಯಿರಾನ್ ಸ್ವತಂತ್ರಳು, ಗಿರಾಕಿಯನ್ನೇ ಬೇಡ ಅನ್ನಬಲ್ಲವಳು" ಎಂದು ಬರೆಯುವವರು ಈ ಲೆಕ್ಕವನ್ನು ಯಾಕೆ ಬಿಡುತ್ತಾರೋ ಗೊತ್ತಿಲ್ಲ. ಅವರು ಯೋಶಿನೋ ತಾಯೂ ಎಂಬವಳ ಕಥೆಯನ್ನು ಮುಂದಿಡುತ್ತಾರೆ. ಹೌದು, ಕ್ಯೋಟೋದ ಶ್ರೀಮಂತ ವ್ಯಾಪಾರಿಯೊಬ್ಬ ಅವಳನ್ನು ಬಿಡಿಸಿ ಮದುವೆಯಾದ. ಜೋಶೋಜಿ ದೇವಾಲಯಕ್ಕೆ ಅವಳು ಕೊಟ್ಟ ಕೆಂಪು ಬಾಗಿಲು ಇವತ್ತಿಗೂ ಇದೆ. ನಾಲ್ಕು ಶತಮಾನ ಕಳೆದರೂ ಅದೇ ಕಥೆ ಹೇಳಬೇಕಾಗಿದೆ ಅಂದರೆ, ಅಂಥ ಅದೃಷ್ಟ ಎಷ್ಟು ಅಪರೂಪ ಅಲ್ವಾ?

ಯೋಶಿವಾರಾ ಹತ್ತಿರದ ಮಿನೋವಾದ ಜೋಕಾಂಜಿ ದೇವಾಲಯ ಇನ್ನೊಂದು ಕಥೆ ಹೇಳುತ್ತದೆ. ಕೇರಿಯಲ್ಲಿ ಸತ್ತ ಹೆಂಗಸರನ್ನು ಅಲ್ಲಿ ತಂದು ಹಾಕುತ್ತಿದ್ದರು, ಅದಕ್ಕೇ ಜನ ಅದನ್ನು ಎಸೆಯುವ ದೇವಾಲಯ ಎಂದರು. ಅಲ್ಲಿ ಮಣ್ಣಾದವರು ಸುಮಾರು 25,000 ಎಂಬ ಅಂದಾಜಿದೆ.

1872ರಲ್ಲಿ ಚೀನೀ ಕೂಲಿಗಳನ್ನು ತುಂಬಿಕೊಂಡ ಪೆರು ದೇಶದ ಹಡಗು ಯೊಕೊಹಾಮಾಕ್ಕೆ ಬಂತು. ಜಪಾನ್ ಆ ಕೂಲಿಗಳನ್ನು ಬಿಡಿಸಿತು. ವಿಚಾರಣೆಯಲ್ಲಿ ಹಡಗಿನ ಕಡೆಯವರು, ನಿಮ್ಮಲ್ಲೂ ಹೆಂಗಸರನ್ನು ಮಾರುತ್ತೀರಲ್ಲ ಎಂದು ವಾದಿಸಿದರು. ಅದೇ ವರ್ಷ ಬಿಡುಗಡೆಯ ಆಜ್ಞೆ ಹೊರಬಿತ್ತು. ಈ ಹೆಂಗಸರನ್ನು ದನ ಕುದುರೆಗಳ ಹಾಗೆ ಇಟ್ಟಿದ್ದಾರೆ, ದನ ಕುದುರೆಗಳ ಹತ್ತಿರ ಸಾಲ ವಾಪಸ್ ಕೇಳಲು ಆಗುವುದಿಲ್ಲ ಎಂಬುದು ಸರ್ಕಾರ ಕೊಟ್ಟ ಕಾರಣ. ಸಾಲ ರದ್ದಾಯಿತು ನಿಜ. ಆ ಮಾತು ಓದಿದಾಗ ಮಾತ್ರ ನನಗೆ ಹೊಟ್ಟೆ ಉರಿಯಿತು. ಬೇಗನೇ ಅದೇ ಮನೆಗಳು "ಬಾಡಿಗೆ ಕೋಣೆ" ಎಂಬ ಹೊಸ ಹೆಸರಲ್ಲಿ ತೆರೆದವು. ಕಾನೂನು ಪೂರ್ತಿ ಬಾಗಿಲು ಹಾಕಿಸಿದ್ದು 1958ರಲ್ಲಿ.

ಅದೇ 1872ರಲ್ಲಿ ತಕಾಹಾಶಿ ಯುಇಚಿ ಕೊಇನಾ ಎಂಬ ಓಯಿರಾನ್‌ಳ ತೈಲಚಿತ್ರ ಬರೆದ. ಅಚ್ಚಿನ ಚಿತ್ರದ ನುಣುಪು ಮುಖ ಅದರಲ್ಲಿಲ್ಲ. ದಣಿದ ಹೆಣ್ಣೊಬ್ಬಳಿದ್ದಾಳೆ. ಅದನ್ನು ನೋಡಿ ಕೊಇನಾ ನಾನು ಹೀಗಿಲ್ಲ ಎಂದು ಅತ್ತಳಂತೆ.

2024ರಲ್ಲಿ ಟೋಕಿಯೋ ಕಲಾ ವಿಶ್ವವಿದ್ಯಾಲಯದ ಮ್ಯೂಸಿಯಂ ಯೋಶಿವಾರಾ ಬಗ್ಗೆ ದೊಡ್ಡ ಪ್ರದರ್ಶನ ಮಾಡಿತು. ಶುರುವಾಗುವ ಮೊದಲೇ, ಪ್ರಚಾರದಲ್ಲಿ ಬರೀ ಮೆರುಗು ಇದೆ, ಆ ಹೆಂಗಸರ ನೋವು ಎಲ್ಲಿ ಎಂದು ಜಪಾನಿನ ಜನರೇ ಕೇಳಿದರು. ನಾನು ಪೂರ್ತಿ ಅವರ ಕಡೆ. ಚಿತ್ರಗಳನ್ನು ಮುಚ್ಚಿಡಿ ಎನ್ನುತ್ತಿಲ್ಲ. ಏಪ್ರಿಲ್‌ನಲ್ಲಿ ಅಸಾಕುಸಾದಲ್ಲಿ, ನೀಗಾತಾದ ತ್ಸುಬಾಮೆಯಲ್ಲಿ ನಡೆಯುವ ಓಯಿರಾನ್ ಮೆರವಣಿಗೆಗಳೂ ಇರಲಿ. ಆದರೆ 1849ರಲ್ಲಿ ಉಮೆಮೊತೋಯಾ ಎಂಬ ಮನೆಯ 16 ಹೆಂಗಸರು ಹಿಂಸೆ ತಾಳಲಾರದೆ ಆ ಮನೆಗೇ ಬೆಂಕಿ ಇಟ್ಟರು. ಅವರು ಓಯಿರಾನ್‌ಗಳಲ್ಲ, ಕೆಳದರ್ಜೆಯವರು. ಕೊಳೆತ ಊಟ, ಹೊಡೆತ, ಎಲ್ಲವನ್ನೂ ಅವರಲ್ಲಿ ಕೆಲವರು ಬರೆದಿಟ್ಟಿದ್ದರು, ಅದು ವಿಚಾರಣೆಗೂ ಬಂತು. ಉತಮಾರೋ ಚಿತ್ರ ತೂಗುಹಾಕುವ ಯಾವುದೇ ಮ್ಯೂಸಿಯಂ ಆ ಬರಹದ ನಾಲ್ಕು ಸಾಲನ್ನೂ ಅದೇ ಗೋಡೆಗೆ, ಅಷ್ಟೇ ದೊಡ್ಡದಾಗಿ ಹಾಕಲಿ.