ಮಂಗಗಳ ವರ್ಗಾವಣೆಗೂ ಕೌನ್ಸೆಲಿಂಗ್ ನಡೆಯಲಿ

ಶಾಸಕರ ಶಿಫಾರಸು ಪತ್ರವಿಲ್ಲದೆ ಕರ್ನಾಟಕದಲ್ಲಿ ವರ್ಗಾವಣೆ ಆಗುವ ಜೀವಿ ಇದ್ದರೆ ಅದು ಮಲೆನಾಡಿನ ಮಂಗ ಒಂದೇ. ಅರ್ಜಿ ಹಾಕಬೇಕಿಲ್ಲ, ಜ್ಯೇಷ್ಠತಾ ಪಟ್ಟಿ ನೋಡಬೇಕಿಲ್ಲ. ಪತಿ-ಪತ್ನಿ ಪ್ರಕರಣ ಎಂಬ ರಿಯಾಯಿತಿಯೂ ಇಲ್ಲ. ಬೋನಿನ ಬಾಗಿಲು ಬಿತ್ತೆಂದರೆ ಆದೇಶ ಜಾರಿಯಾದಂತೆ.

ತೋಟದ ಫಸಲು ಹಾಳುಮಾಡುವ ಮಂಗಗಳನ್ನು ಹಿಡಿದು ದೂರ ಬಿಟ್ಟು ಬರುವ ಕ್ರಮ ಹೀಗೆ. ತೋಟದಂಚಿನಲ್ಲೋ ದೇವಸ್ಥಾನದ ಹಿಂದೋ ಕಬ್ಬಿಣದ ಬೋನು ಇಡುತ್ತಾರೆ. ಮೊದಲ ಕೆಲವು ದಿನ ಬಾಗಿಲನ್ನು ಮೇಲೆತ್ತಿ ಕಟ್ಟಿ, ಒಳಗೆ ಬಾಳೆಹಣ್ಣು, ಶೇಂಗಾ, ಮಂಡಕ್ಕಿ ಸುರಿಯುತ್ತಾರೆ. ಮತದಾನಕ್ಕೆ ಮುಂಚಿನ ವಾರದ ಹಾಗೆ, ಇದು ವಿಶ್ವಾಸ ಗಳಿಸುವ ಹಂತ. ಮರಿಗಳೂ ಹರೆಯದವೂ ಮೊದಲು ಒಳಗೆ ನುಗ್ಗುತ್ತವೆ. ಆಗ ಹಗ್ಗ ಬಿಡುತ್ತಾರೆ. ಸಿಕ್ಕವನ್ನು ಎಣಿಸಿ ಬಿಲ್ಲು ಬರೆಯುತ್ತಾರೆ. ದರ ತಲೆಗಿಷ್ಟು ಎಂದಿರುವುದರಿಂದ ಮರಿಗೂ ಗಡವನಿಗೂ ಒಂದೇ ವೇತನ ಶ್ರೇಣಿ.

ಹಿಂಡಿನಲ್ಲಿ ಇಪ್ಪತ್ತು-ಮೂವತ್ತು ಮಂಗಗಳಿರುತ್ತವೆ. ಅಷ್ಟೂ ಒಂದೇ ಸಲ ಬೋನಿಗೆ ಬೀಳುವುದಿಲ್ಲ. ಹೊರಗುಳಿದ ಹಳೆ ಹುಲಿಗಳು (ಕ್ಷಮಿಸಿ, ಹಳೆ ಮಂಗಗಳು) ಆಮೇಲೆ ಆ ಬೋನಿನ ಹತ್ತಿರವೂ ಸುಳಿಯುವುದಿಲ್ಲ. ಒಂದು ವೇಳೆ ಹಿಂಡು ಪೂರ್ತಿ ಹೋದರೂ ಆ ತೋಟ ಖಾಲಿ ಉಳಿಯುವುದಿಲ್ಲ, ಪಕ್ಕದ ಹಿಂಡು ಬಂದು ಪ್ರಭಾರ ವಹಿಸಿಕೊಳ್ಳುತ್ತದೆ. ಇತ್ತ ಸೆರೆ ಸಿಕ್ಕವು ರಾತ್ರಿ ಪಿಕಪ್ ವಾಹನದಲ್ಲಿ ಪಂಚಾಯಿತಿ ಗಡಿ ದಾಟಿ ಘಾಟಿ ರಸ್ತೆಯ ತಿರುವಿನಲ್ಲಿ ಇಳಿಯುತ್ತವೆ. ಗುರುತಿಲ್ಲದ ಕಾಡಲ್ಲಿ ನೀರೆಲ್ಲಿ, ಹಣ್ಣೆಲ್ಲಿ ಎಂದು ಹುಡುಕುವ ಬದಲು ಹತ್ತಿರದ ಮನೆಯ ಹೊಗೆ ನೋಡಿಕೊಂಡು ಹೊರಡುತ್ತವೆ. ಆ ಊರಿನವರು ತಮ್ಮ ಮಂಗಗಳನ್ನು ಹೋದ ವಾರವಷ್ಟೇ ಈಚೆ ಕಡೆ ಬಿಟ್ಟು ಹೋಗಿರುತ್ತಾರೆ. ಎರಡೂ ಪಂಚಾಯಿತಿಗಳ ದಾಖಲೆಯಲ್ಲಿ ಮಂಗಗಳ ಸಂಖ್ಯೆ ಕಡಿಮೆಯಾಗುತ್ತದೆ. ಬೆಳೆಯುವುದು ಡೀಸೆಲ್ ಲೆಕ್ಕ ಮಾತ್ರ.

ಇನ್ನು ಕಾನೂನಿಗೆ ಬರೋಣ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಉತ್ತರ ಭಾರತದ ಕೆಂಪುಮೋರೆಯ ರೀಸಸ್ ಮಂಗ ಅದರಿಂದ ಪರಿಚ್ಛೇದಗಳ, ಅಂದರೆ ಕಾಯ್ದೆಯ ರಕ್ಷಿತ ಪ್ರಾಣಿಗಳ ಪಟ್ಟಿಗಳ, ಹೊರಗೆ ಹೋಯಿತು. ನಮ್ಮ ಟೋಪಿಗೂದಲಿನ ಮಂಗ ಮಾತ್ರ ಬಡ್ತಿ ಪಡೆದು ಅತಿ ಹೆಚ್ಚು ರಕ್ಷಣೆಯ ಒಂದನೇ ಪರಿಚ್ಛೇದಕ್ಕೆ ಏರಿತು. ಅಂದರೆ ಈಗ ಹುಲಿಯೂ ಮಂಗವೂ ಒಂದೇ ದರ್ಜೆಯ ಗೆಜೆಟೆಡ್ ಅಧಿಕಾರಿಗಳು. 2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ನಾಲೂರಿನಲ್ಲಿ ಮಂಗ ಓಡಿಸಲು ನಾಯಿಗೆ ಹುಲಿಪಟ್ಟೆ ಬಳಿದ ಸುದ್ದಿ ದೇಶವೆಲ್ಲ ಓಡಾಡಿತು. ಆ ಮೂವರಲ್ಲಿ ಯಾವ ಪರಿಚ್ಛೇದವೂ ಇಲ್ಲದೆ ದುಡಿದದ್ದು ನಾಯಿ ಒಂದೇ. ಬಣ್ಣದ ನಾಯಿಯಾಗಲಿ, ಹುಲಿ ಬೊಂಬೆಯಾಗಲಿ, ಗರ್ನಾಲಾಗಲಿ ಕೆಲಸ ಮಾಡುವುದು ಮಂಗಕ್ಕೆ ಅನುಮಾನ ಇರುವಷ್ಟು ದಿನ. ಬೊಂಬೆ ಅಲುಗುವುದಿಲ್ಲ, ಸದ್ದು ಕಚ್ಚುವುದಿಲ್ಲ ಎಂದು ಗೊತ್ತಾದ ಮೇಲೆ ಅದರ ತಲೆಯ ಮೇಲೇ ಕೂತು ಕಾಯಿ ಕಚ್ಚುತ್ತದೆ. ಸೋಲಾರ್ ಬೇಲಿಯ ಪ್ರತಾಪ ನೆಲದ ಮೇಲೆ. ಮಂಗ ಬರುವುದು ಮರದಿಂದ ಮರಕ್ಕೆ.

ನಷ್ಟದ ಬಗೆಯೇ ಕಡತಕ್ಕೆ ಒಗ್ಗುವುದಿಲ್ಲ. ಆನೆ ಬಂದರೆ ಮುರಿದ ಮರ ಎಣಿಸಿ ಮಹಜರು ಬರೆಯಬಹುದು. ಮಂಗ ಹೊಟ್ಟೆ ತುಂಬ ಅಡಿಕೆ ತಿನ್ನುವುದೇ ಇಲ್ಲ. ಎಳೆ ಕಾಯಿ ಕಿತ್ತು ಕಚ್ಚಿ, ಒಳಗಿನ ಸಿಹಿನೀರು ಹೀರಿ ಬಿಸಾಡಿ, ಮುಂದಿನದಕ್ಕೆ ಕೈ ಹಾಕುತ್ತದೆ. ಮರಕ್ಕೆ ವರ್ಷದಲ್ಲಿ ಇರುವುದೇ ಮೂರು-ನಾಲ್ಕು ಗೊನೆ. ಏಲಕ್ಕಿಯಲ್ಲಾದರೆ ಸುಳಿ ಎಳೆದು ಬುಡದ ಬಿಳಿ ತಿರುಳು ಜಗಿಯುತ್ತದೆ, ಬಾಳೆಯಲ್ಲಾದರೆ ದಿಂಡು ಸೀಳುತ್ತದೆ. ಮರ ನಿಂತೇ ಇರುತ್ತದೆ, ಫಸಲು ಇರುವುದಿಲ್ಲ. ನಿಂತ ಮರದ ಫೋಟೊ ತೆಗೆದು ಪರಿಹಾರ ಕೇಳಿ ನೋಡಿ!

ಇಷ್ಟಾದ ಮೇಲೆ ಸರ್ಕಾರಕ್ಕೆ ಹೊಳೆದದ್ದು ಮಂಗಗಳ ಉದ್ಯಾನ. 2019ರ ಕೊನೆಗೆ ಘೋಷಣೆಯಾಯಿತು. ಜಾಗ ಹೊಸನಗರ ತಾಲ್ಲೂಕಿನ ನಾಗೋಡಿ ಬಳಿ, ಶರಾವತಿ ಹಿನ್ನೀರಿನ ಆಸುಪಾಸು. ಸುತ್ತ ನೀರು, ನಡುವೆ ನಡುಗಡ್ಡೆ, ಅದರಲ್ಲಿ ಹಣ್ಣಿನ ಗಿಡ, ಗಿಡದಲ್ಲಿ ಮಂಗ. ಚಿತ್ರ ಬರೆಯಲು ಚೆಂದ. ಆದರೆ ಮಂಗಕ್ಕೆ ಈಜು ಬರುತ್ತದೆ. ಬಾರದಿದ್ದರೂ ತೊಂದರೆಯಿಲ್ಲ, ಬೇಸಿಗೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಇಳಿದಾಗ ಎಷ್ಟೋ ನಡುಗಡ್ಡೆಗಳು ತಾವೇ ದಡಕ್ಕೆ ಸೇರಿಕೊಳ್ಳುತ್ತವೆ. ಏಪ್ರಿಲ್‌ನಲ್ಲಿ ಗೋಡೆ ಆವಿಯಾಗುವ ಜೈಲನ್ನು ಯಾವ ಲೋಕೋಪಯೋಗಿ ಗುತ್ತಿಗೆದಾರನೂ ಈವರೆಗೆ ಕಟ್ಟಿಲ್ಲ. ಬೀಜದಿಂದ ಎದ್ದ ಹಲಸು ಕಾಯಿ ಬಿಡಲು ಏಳೆಂಟು ವರ್ಷ ಬೇಕು. ಅಲ್ಲಿಯವರೆಗೆ ಬಾಳೆಹಣ್ಣಿನ ಟೆಂಡರ್ ಯಾರಿಗೆ ಎಂಬುದೇ ಮುಖ್ಯ ಪ್ರಶ್ನೆಯಾಗುತ್ತಿತ್ತು.

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗು, ಮಂಗ ಸತ್ತು ಬಿದ್ದರೆ ಮೈಮೇಲಿನ ಉಣುಗುಗಳೆಲ್ಲ ಅಲ್ಲೇ ಉದುರಿ ಆ ಜಾಗವೇ ರೋಗದ ಗೂಡಾಗುತ್ತದೆ. 2018-19ರ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನ ಜನ ಈ ಕಾಯಿಲೆಗೆ ಸಾಲಾಗಿ ಸತ್ತರು. ಮುಂದಿನ ಚಳಿಗಾಲ ಬರುವ ಹೊತ್ತಿಗೆ ಊರೂರಿನ ಮಂಗಗಳನ್ನೆಲ್ಲ ಅದೇ ಶರಾವತಿ ಸೀಮೆಗೆ ತಂದು ಗುಡ್ಡೆ ಹಾಕುವ ಯೋಜನೆ ತಯಾರು. ಸ್ಥಳೀಯರು ವಿರೋಧಿಸಿದರು, ಉದ್ಯಾನ ಕಾಗದದಲ್ಲೇ ಉಳಿಯಿತು.

ಆದರೂ ಆ ಯೋಜನೆಗೆ ಒಂದು ನಮಸ್ಕಾರ ಸಲ್ಲಬೇಕು. ಮಂಗಕ್ಕೆ ಹಣ್ಣಿನ ಮರ ಬೇಕು ಎಂಬ ಗುಟ್ಟನ್ನು ಸರ್ಕಾರ ಅದರಲ್ಲಿ ಲಿಖಿತವಾಗಿ ಒಪ್ಪಿಕೊಂಡಿತು. ಹಾಗಾದರೆ ಇದ್ದ ಹಣ್ಣಿನ ಮರಗಳು ಏನಾದವು? ಅತ್ತಿ, ಬಸರಿ, ಗೋಣಿ, ನೇರಳೆ, ಹೆಬ್ಬಲಸು, ಮುರುಗಲು, ಉಪ್ಪಾಗೆ ಇದ್ದ ಗುಡ್ಡಗಳಲ್ಲಿ ಈಗ ಅಕೇಶಿಯಾ ಸಾಲುಗಟ್ಟಿ ನಿಂತಿದೆ. ಅದರ ಎಲೆಯನ್ನು ದನ ಮೂಸುವುದಿಲ್ಲ. ಗೊಬ್ಬರದ ಗುಂಡಿಗೆ ಹಾಕಿದರೆ ಬೇಗ ಕೊಳೆಯುವುದೂ ಇಲ್ಲ. ಹಣ್ಣಂತೂ ಇಲ್ಲವೇ ಇಲ್ಲ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ಇಪ್ಪತ್ತು ಸಾವಿರ ಹೆಕ್ಟೇರಿಗೂ ಹೆಚ್ಚು ಅರಣ್ಯಭೂಮಿ 40 ವರ್ಷದ ಗುತ್ತಿಗೆಗೆ ಹೋಯಿತು. ಕಾರ್ಖಾನೆ 2015ರಲ್ಲಿ ನಿಂತಿತು. 2020ರಲ್ಲಿ ಗುತ್ತಿಗೆ ಮುಗಿದಾಗ, ನಿಂತ ಕಾರ್ಖಾನೆಗೆ ಮರ ಬೆಳೆಯಲು ಮತ್ತೆ 40 ವರ್ಷ ವಿಸ್ತರಣೆ. ಕಾಗದವೇ ತಯಾರಾಗದ ಮಿಲ್ಲಿಗಾಗಿ ಕಾಗದದ ಮೇಲೆ ಇಷ್ಟು ಕೆಲಸ ನಡೆದದ್ದು ದಾಖಲೆಯೇ ಇರಬೇಕು.

ಎಲ್ಲ ತಪ್ಪನ್ನೂ ಸರ್ಕಾರದ ತಲೆಗೆ ಕಟ್ಟಿದರೆ ಅನ್ಯಾಯವಾದೀತು; ಬೆಳೆಗಾರರ ಪಾಲನ್ನು ಅವರಿಗೆ ಕೊಟ್ಟುಬಿಡೋಣ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ) ಸವಲತ್ತು ಬ್ರಿಟಿಷರ ಕಾಲದಿಂದ ಇದೆ. ತೋಟಕ್ಕೆ ಸೊಪ್ಪು, ದರಕು, ಹಳ್ಳಕ್ಕೆ ಬೇಸಿಗೆಯ ನೀರು, ಏಲಕ್ಕಿ ಹೂವಿಗೆ ಪರಾಗ ಮುಟ್ಟಿಸುವ ತುಡುವೆ ಜೇನು ಎಲ್ಲ ಬರುವುದು ಅಲ್ಲಿಂದಲೇ. ಬಾವಲಿ ಹಣ್ಣಡಿಕೆಯ ಸಿಪ್ಪೆ ಚೀಪಿ ಉದುರಿಸಿದ ಅಡಿಕೆಯನ್ನು ಹೆಕ್ಕಿ ಚೀಲ ತುಂಬಿಕೊಂಡವರೂ ನಾವೇ. ಅದೇ ಬಾವಲಿಯನ್ನು ಮೊನ್ನೆಮೊನ್ನೆಯ ತಿದ್ದುಪಡಿಯವರೆಗೆ ಕಾಯ್ದೆ ಇಲಿ, ಕಾಗೆಗಳ ಜೊತೆ ಪೀಡೆಪ್ರಾಣಿಗಳ ಪಟ್ಟಿಯಲ್ಲಿ ಕೂರಿಸಿತ್ತು. ಅಡಿಕೆಯ ದರ ಏರಿದಂತೆ ಬೆಟ್ಟದ ಬುಡವನ್ನೂ ಜೆಸಿಬಿ ಸಪಾಟು ಮಾಡಿತು. ತೋಟಕ್ಕೆ ನೆರಳಾಗುತ್ತದೆಂದು ಹಲಸು ಹೋಯಿತು, ಇಳುವರಿ ಇಲ್ಲವೆಂದು ಹುಳಿಮಾವು ಹೋಯಿತು. ನಂತರ ಅದೇ ಮನೆಯಿಂದ ಪಂಚಾಯಿತಿಗೆ ಮಂಗನ ಕಾಟದ ಅರ್ಜಿ ಹೋಯಿತು.

ಕಡಿದ ಹಲಸಿನ ಹಲಗೆಯಲ್ಲೇ ಬಾಗಿಲು ಮಾಡಿಸಿದ ಮನೆಗಳು ಈಗ ಕಿಟಕಿಗೆ, ಹಂಚಿನ ಸಂದಿಗೆ, ಅಂಗಳಕ್ಕೆ ಜಾಲರಿ ಹೊಡೆಸುತ್ತಿವೆ. ಹೊಡೆಸುವವರು ಕಂಡಿ ಒಂದು ಇಂಚಿಗಿಂತ ದೊಡ್ಡದಾಗದಂತೆ ನೋಡಿಕೊಳ್ಳಿ. ಮರಿಯ ಕೈ ಒಳಗೆ ಬರುತ್ತದೆ.