ಹಳೇ ಗೋಡೆಯಲ್ಲಿ ಡಬ್ಬಿ ಇಡಬೇಡಿ ಮಾರಾಯ್ರೇ

ಕಡಲ ತೀರದ ಹಳೇ ಪುಟ್ಟ ಊರುಗಳಲ್ಲಿ ಜಿಯೋಕ್ಯಾಶಿಂಗ್ ಮಾಡುವ, ಅಂದರೆ ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಮಜಾನೇ ಬೇರೆ. ಅರ್ಧ ದಿನದಲ್ಲಿ ನಡೆದು ಮುಗಿಸಬಹುದಾದ ಊರು. ಒಂದು ಕೋಟೆ, ಹಳೇ ಬಂದರು, ದೀಪಸ್ತಂಭ, ನಡುವೆ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಂಥ ಓಣಿಗಳು. ಆದರೆ ನನಗೊಂದು ತಕರಾರಿದೆ, ಇವತ್ತು ಹೇಳಿಯೇ ಬಿಡುತ್ತೇನೆ. ಕೋಟೆ ಗೋಡೆಯ ಕಲ್ಲಿನ ಸಂದಿಯಲ್ಲಿ ಡಬ್ಬಿ ತುರುಕುವುದನ್ನು ದಯವಿಟ್ಟು ನಿಲ್ಲಿಸಿ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಸಾಮಾನ್ಯ ಜನರ ಜಿಪಿಎಸ್ ಸಿಗ್ನಲ್‌ಗೆ ಅಮೆರಿಕ ಸರ್ಕಾರ ಬೇಕಂತಲೇ ತಪ್ಪು ಸೇರಿಸುತ್ತಿತ್ತು. 2000ದ ಮೇ ತಿಂಗಳ ಶುರುವಿನಲ್ಲಿ ಅದನ್ನು ನಿಲ್ಲಿಸಿತು. ನೂರು ಮೀಟರ್ ಆಚೀಚೆ ತೋರಿಸುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ಸರಿಯಾದ ಜಾಗ ತೋರಿಸತೊಡಗಿತು. ಮೇ 3ಕ್ಕೆ ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದಲ್ಲಿ ಒಂದು ಕಪ್ಪು ಬಕೆಟ್ಟನ್ನು ಅರ್ಧ ಹೂತಿಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿಗೆ ಹಾಕಿದ. ಹುಡುಕಿ, ಪುಸ್ತಕದಲ್ಲಿ ಹೆಸರು ಬರೆಯಿರಿ, ಏನಾದರೂ ತೆಗೆದುಕೊಂಡರೆ ಏನಾದರೂ ಇಟ್ಟು ಬನ್ನಿ, ಅಷ್ಟೇ. ಬಕೆಟ್ಟಿನಲ್ಲಿ ಒಂದು ಕ್ಯಾನ್ ಬೀನ್ಸ್ ಕೂಡ ಇತ್ತು! ಈಗ ಜಾಗದ ಮಾಲೀಕರು ಒಪ್ಪದೆ ನೆಲ ಅಗೆಯುವ ಹಾಗೇ ಇಲ್ಲ.

ನೆಲ ಅಗೆಯಬಾರದು ಅನ್ನುವುದು ಎಲ್ಲರಿಗೂ ಗೊತ್ತು, ಗೋಡೆ ವಿಷಯದಲ್ಲಿ ಮಾತ್ರ ಮರೆತೇ ಹೋಗುತ್ತದೆ. ಇತ್ತೀಚೆಗೆ ಒಂದು ಕೋಟೆಯಲ್ಲಿ ನೋಡಿದೆ. ಮೊಬೈಲ್ ಬಾಣ ತೋರಿಸುತ್ತಿದ್ದ ಗೋಡೆಯಲ್ಲಿ ಎದೆಮಟ್ಟದಿಂದ ಮೇಲೆ ಕಲ್ಲುಗಳೆಲ್ಲ ಪಾಚಿ ಹಿಡಿದು ಕಪ್ಪಗಿದ್ದವು. ಕೈಗೆ ಸಿಗುವ ಎತ್ತರದ ಐದಾರು ಕಲ್ಲುಗಳ ಅಂಚು ಮಾತ್ರ ಹೊಸದಾಗಿ ಕೆರೆದ ಹಾಗೆ ಬೆಳ್ಳಗೆ. ಕೆಳಗೆ ಹುಲ್ಲಿನ ಮೇಲೆ ಗಾರೆ ಪುಡಿ ಬಿದ್ದಿತ್ತು. ಡಬ್ಬಿ ಇದ್ದಿದ್ದು ಒಂದೇ ಸಂದಿಯಲ್ಲಿ, ಅದೂ ಹೆಬ್ಬೆರಳು ಗಾತ್ರದ್ದು. ಅದನ್ನು ಇಟ್ಟವರು ಒಂದು ಕಲ್ಲನ್ನೂ ಅಲ್ಲಾಡಿಸಿರಲಿಕ್ಕಿಲ್ಲ. ಆದರೆ ಹುಡುಕಲು ಬರುವವರಿಗೆ ಅದು ಯಾವ ಸಂದಿ ಅಂತ ಹೇಗೆ ಗೊತ್ತಾಗಬೇಕು? ಜಿಪಿಎಸ್ ಬಯಲಿನಲ್ಲೇ ನಾಲ್ಕೈದು ಮೀಟರ್ ಆಚೀಚೆ ಆಗುತ್ತದೆ, ಎತ್ತರದ ಗೋಡೆ ಪಕ್ಕದಲ್ಲಿದ್ದರೆ ಸಿಗ್ನಲ್ ಕಲ್ಲಿಗೆ ಬಡಿದು ವಾಪಸ್ ಬಂದು ಇನ್ನೂ ಜಾಸ್ತಿ ತಪ್ಪುತ್ತದೆ. ಅಷ್ಟುದ್ದದ ಗೋಡೆಯನ್ನು ಬಂದವರೆಲ್ಲ ಕೆದಕುತ್ತಾರೆ.

ಅದೂ ಸಮುದ್ರದ ಪಕ್ಕದ ಗೋಡೆ. ಸುಣ್ಣದ ಗಾರೆ ಮೊದಲೇ ಮೆದು. ಉಪ್ಪು ನೀರಿನ ಹನಿ ಸಂದಿಯೊಳಗೆ ಇಳಿದು ಒಣಗಿದಾಗ ಉಪ್ಪು ಹರಳುಗಟ್ಟಿ, ಕಲ್ಲಿನ ಮೇಲ್ಪದರವನ್ನೇ ಒಳಗಿಂದ ಒತ್ತಿ ಉದುರಿಸುತ್ತದೆ. ಗಾರೆ ಕೆದಕಿದರೆ ಆ ಕೆಲಸಕ್ಕೆ ನಾವೇ ಬಾಗಿಲು ತೆರೆದುಕೊಟ್ಟಂತೆ.

ಇನ್ನೊಂದು ವಿಷಯ ಇದೆ, ಇದು ಆಟ ಆಡುವವರಿಗೇ ಜಾಸ್ತಿ ಮುಖ್ಯ. ಎರಡು ಡಬ್ಬಿಗಳ ಮಧ್ಯೆ ಕನಿಷ್ಠ 161 ಮೀಟರ್ ಇರಬೇಕು ಅನ್ನುವ ನಿಯಮ. ದೊಡ್ಡ ನಗರದಲ್ಲಿ ಅದು ಲೆಕ್ಕಕ್ಕೇ ಬರಲ್ಲ. ಪುಟ್ಟ ಊರಿನಲ್ಲಿ ಹಾಗಲ್ಲ. ಕೋಟೆ ಬಾಗಿಲಲ್ಲಿ ಯಾರೋ ಸುಮ್ನೆ ಒಂದು ಮ್ಯಾಗ್ನೆಟ್ ಡಬ್ಬಿ ಅಂಟಿಸಿ ಹೋದರೆ ಮುಗೀತು, ಸುತ್ತಲಿನ ಬುರುಜು, ಫಿರಂಗಿ ಕಟ್ಟೆ, ಅರ್ಧ ಬಂದರು ಎಲ್ಲವೂ ಆ ಒಬ್ಬರ ಪಾಲು. ಎಷ್ಟೋ ಸಲ ಅಂಥವರು ರಜೆಗೆ ಬಂದ ಪ್ರವಾಸಿಗಳೇ. ಆಮೇಲೆ ಒಳಗೆ ಹೆಸರು ಬರೆಯುವ ಕಾಗದ ಒದ್ದೆ ಮುದ್ದೆಯಾದರೂ ತಿರುಗಿ ನೋಡುವವರಿಲ್ಲ.

ಹಾಗಾದರೆ ಏನು ಮಾಡಬೇಕು? ಮಲ್ಟಿ ಮಾಡಿ, ಅಂದರೆ ಹಲವು ಹಂತ ದಾಟಿದ ಮೇಲೆ ಕೊನೆಗೆ ಡಬ್ಬಿ ಸಿಗುವಂಥದ್ದು. ಹಳೇ ಜಾಗಗಳಲ್ಲಿ ಡಬ್ಬಿ ಬೇಡ, ಪ್ರಶ್ನೆ ಇರಲಿ. ದೀಪಸ್ತಂಭದ ಬಾಗಿಲ ಮೇಲೆ ಕೆತ್ತಿದ ವರ್ಷದ ಕೊನೆಯ ಅಂಕಿ ಎಷ್ಟು, ಬಂದರಿನ ಕಟ್ಟೆಯಲ್ಲಿ ಹಡಗು ಕಟ್ಟುವ ಕಬ್ಬಿಣದ ಬಳೆಗಳು ಎಷ್ಟು, ಹೀಗೆ. ಉತ್ತರಗಳನ್ನು ಸೇರಿಸಿದರೆ ಕೊನೆಯ ಜಾಗದ ಅಕ್ಷಾಂಶ ರೇಖಾಂಶ ಬರಬೇಕು. ಡಬ್ಬಿ ಮಾತ್ರ ಊರ ಹೊರಗೆ, ಯಾವ ಹಳೇ ಕಲ್ಲಿಗೂ ಸಂಬಂಧವಿಲ್ಲದ ಜಾಗದಲ್ಲಿ. ಬರೀ ಪ್ರಶ್ನೆ ಇರುವ ಹಂತಗಳಿಗೆ 161 ಮೀಟರ್ ನಿಯಮವೂ ಇಲ್ಲ, ಕೋಟೆಯೊಳಗೇ ಎಷ್ಟು ಬೇಕಾದರೂ ಇಡಬಹುದು. ಬಂದವರು ಗೋಡೆ ಕೆದಕುವ ಬದಲು ಗೋಡೆ ನೋಡುತ್ತಾರೆ. ಲೆಕ್ಕ ಮಾತ್ರ ಹುಷಾರು. ಅಕ್ಷಾಂಶದಲ್ಲಿ ನಿಮಿಷದ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಮೂರನೇ ದಶಮಾಂಶ ಒಂದು ಅಂಕಿ ತಪ್ಪಿದರೆ ಎರಡು ಮೀಟರೂ ಆಗಲ್ಲ, ಮೊದಲನೆಯದು ತಪ್ಪಿದರೆ 185 ಮೀಟರ್. ಕಡಲೂರಿನಲ್ಲಿ ಹಾಗಾದರೆ ಬಾಣ ಆರಾಮಾಗಿ ನೀರಿನ ಮಧ್ಯೆ ಹೋಗಿ ನಿಲ್ಲುತ್ತದೆ!

ಡಬ್ಬಿಯೇ ಬೇಡ ಅನ್ನುವವರಿಗೆ ಅರ್ಥ್‌ಕ್ಯಾಶ್ ಇದೆ. ಬಂಡೆಯ ಪದರ, ಮರಳಿನ ಬಣ್ಣ, ಅಲೆ ಕೊರೆದ ಗುಹೆ ನೋಡಿ ಉತ್ತರ ಕಳಿಸಿದರೆ ಸಾಕು. ಕಡಲ ತೀರಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೇನಿದೆ ಹೇಳಿ.

"ಅಷ್ಟೆಲ್ಲ ಓಡಾಡಲು ಯಾರಿಗೆ ಟೈಮಿದೆ, ಒಂದು ಗಂಟೆಗೆ ಬಂದವರಿಗೆ ಸುಲಭದ್ದು ಒಂದು ಬೇಡವಾ" ಅಂತ ಗೆಳೆಯರೊಬ್ಬರು ವಾದ ಮಾಡಿದರು. ಬೇಕು, ಖಂಡಿತ ಬೇಕು. ಆದರೆ ಸುಲಭದ್ದು ಅಂದರೆ ಕೋಟೆ ಗೋಡೆಯೇ ಆಗಬೇಕಾ? ಬಂದರಿನ ಬೇಲಿಯೂ ಬೇಡ. ಅಲ್ಲಿ ಬಗ್ಗಿ ತಡಕಾಡುವವರನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಎಂಬ ಊರಿನಲ್ಲಿ ಇಂಥದ್ದೇ ಡಬ್ಬಿಯನ್ನು ಬಾಂಬ್ ಅಂದುಕೊಂಡು ಸೇನೆಯವರು ಬಂದು ಸ್ಫೋಟಿಸಿದ್ದರು. ಬಸ್ ನಿಲ್ದಾಣದ ಹತ್ತಿರದ ಪಾರ್ಕಿನಲ್ಲಿ, ಕೇಳಬೇಕಾದವರನ್ನು ಕೇಳಿ, ಹೊರಗೆ ದೊಡ್ಡದಾಗಿ ಜಿಯೋಕ್ಯಾಶ್ ಅಂತ ಬರೆದು ಇಡಿ.

ಇಡುವಾಗ ತಗಡಿನ ಡಬ್ಬಿ ಬೇಡ, ಉಪ್ಪು ಗಾಳಿಗೆ ಬೇಗ ತುಕ್ಕು ಹಿಡಿದು ಮುಚ್ಚಳವೇ ಬರಲ್ಲ. ರಬ್ಬರ್ ಪಟ್ಟಿ ಇರುವ ಪ್ಲಾಸ್ಟಿಕ್ ಡಬ್ಬಿ ಇರಲಿ. ಪೆನ್ನಿನ ಬದಲು ಪೆನ್ಸಿಲ್. ಬಂಡೆಗಳ ಕಡೆ ಇಟ್ಟರೆ ಉಬ್ಬರ ಬಂದಾಗ ವಾಪಸ್ ಬರುವ ದಾರಿ ಮುಚ್ಚುತ್ತದಾ ಅಂತ ಇಂಟರ್ನೆಟ್ಟಿನಲ್ಲಿ ಆ ಡಬ್ಬಿಯ ಬಗ್ಗೆ ಹಾಕುವ ವಿವರಣೆಯ ಮೊದಲ ಸಾಲಿನಲ್ಲೇ ಬರೆಯಿರಿ. ಕೆಳಗಿನ ಸುಳಿವಿನಲ್ಲಿ ಬರೆದರೆ ಯಾರೂ ಓದಲ್ಲ.